ದ್ಯಾಮವ್ವ ಮಗನನ್ನು ಹೊಗಳಿದ್ದು

"ಥೂ, ಎಂಥಾ ಕೆಟ್ಟ ಮಾರಿ ಇದರದು! ಮಂಗ್ಯಾನ ಮರಿ ಇದ್ದಂಗ ಐತಿ ನೋಡ," ಎಂದಳು ದ್ಯಾಮವ್ವ.

ಮಾತು ಮುಗಿಯುವಷ್ಟರಲ್ಲಿ ಕೂಸು ಅವಳ ತೊಡೆಯ ಮೇಲಿತ್ತು. ಟೊರಾಂಟೋ ನಗರದ ಸ್ಕಾರ್‌ಬರೋದ ಆ ಬೇಸ್‌ಮೆಂಟಿಗೆ ಮೇಲಿನ ಮನೆಯ ಬಾಣಂತಿ ಜಯಶೀಲಾ ಕಿವಿಗೆ ಸ್ಕಾರ್ಫು ಕಟ್ಟಿಕೊಂಡು, ಹುಷಾರಾಗಿ ಮೆಟ್ಟಿಲಿಳಿದು, ಚೊಚ್ಚಲು ಮಗಳನ್ನು ತೋರಿಸಲು ಬಂದಿದ್ದಳು. ಆ ಕೂಸಿನ ಚೆಲುವನ್ನು ಏನೆಂದು ಹೇಳುವುದು? ಅಟ್ಲಾಂಟಿಕ್ ದಡದಿಂದ ಪೆಸಿಫಿಕ್ ದಡದವರೆಗೆ ಆ ಚಳಿಗಾಲ ಹುಟ್ಟಿದ ಮಕ್ಕಳನ್ನೆಲ್ಲ ಸಾಲಾಗಿ ಮಲಗಿಸಿದ್ದರೂ ಇದೊಂದರ ಮುಂದೆ ಉಳಿದವೆಲ್ಲ ಬೇಯಿಸಿದ ಆಲೂಗಡ್ಡೆಯಂತೆ ಕಾಣುತ್ತಿದ್ದವು. ಅಂಥ ಕೂಸು.

ಒಲೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ವಕೀಲೆ ಡೋರಿಸ್ ಮೆಕ್ಲೀನ್ ತಿರುಗಿ, "ಅವರು ಏನಂದರು?" ಎಂದು ದುಭಾಷಿ ವೇಣುಗೋಪಾಲನನ್ನು ಕೇಳಿದಳು.

ವೇಣುಗೋಪಾಲ ತನ್ನ ಕೆಲಸದಲ್ಲಿ ಒಂದು ಅಕ್ಷರ ಜಾರಿಸುವವನಲ್ಲ. ಮಗುವಿನ ಮುಖ ಬಹಳ ಕೆಟ್ಟದಾಗಿದೆ, ಕೋತಿಮರಿಯ ಹಾಗಿದೆ ಎಂದು ಇಂಗ್ಲಿಷಿನಲ್ಲಿ ಶುದ್ಧವಾಗಿ ಹೇಳಿ ಕೈ ಕಟ್ಟಿ ಕುಳಿತ.

ಡೋರಿಸ್ ಗಾಬರಿಯಿಂದ ಬಾಣಂತಿಯ ಮುಖ ನೋಡಿದಳು. ಜಯಶೀಲಾ ಇದ್ದಬದ್ದ ಹಲ್ಲನ್ನೆಲ್ಲ ಬಿಟ್ಟು ನಗುತ್ತಿದ್ದಳು.

"ಹೌದಲ್ಲರೀ ಆಯಿ? ಮೂಗರ ನೋಡ್ರಿ, ಮಿರ್ಚಿ ಭಜಿ ಇದ್ದಂಗ ಐತಿ."

"ಮೂಗಲ್ಲವಾ ಅದು, ಬದನಿಕಾಯಿ. ಒಯ್ದು ಮಲಗಸ ಹೋಗ. ಇಷ್ಟ್ ಕೆಟ್ಟ ಕೂಸಿನ್ನ ಮಂದಿ ಮುಂದ ತರಬ್ಯಾಡ."

ಜಯಶೀಲಾ ಯಾರೋ ರಾಜ್ಯ ಪ್ರಶಸ್ತಿ ಕೊಟ್ಟರೆಂಬಂತೆ ಕೂಸನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿಹೋದಳು. ದ್ಯಾಮವ್ವ ರೊಟ್ಟಿ ಬಡಿಯಲು ಎದ್ದಳು. ಡೋರಿಸ್ ಪೆನ್ನನ್ನು ಕೆಳಗಿಟ್ಟಳು.

"ವೇಣು, ನನ್ನ ಮಗುವನ್ನು ಯಾರಾದರೂ ಹಾಗಂದಿದ್ದರೆ ಈ ಚಹಾ ಅವರ ತಲೆಯ ಮೇಲಿರುತ್ತಿತ್ತು. ಆಕೆಗೆ ಯಾಕೆ ಅಷ್ಟು ಖುಷಿಯಾಯಿತು?"

ವೇಣುಗೋಪಾಲ ಬಾಯಿ ತೆರೆದ. ತೆರೆದದ್ದು ಹಾಗೇ ಉಳಿಯಿತು.

ಇದು ಸಣ್ಣ ಸಂಗತಿಯಲ್ಲ. ಮೈಸೂರಿನಲ್ಲಿ ಹುಟ್ಟಿದಾರಭ್ಯ ಅವನ ಬಾಯಿ ತೆರೆದದ್ದು ತೆರೆದ ಹಾಗೆ ಸುಮ್ಮನಿದ್ದದ್ದು ಅದೇ ಮೊದಲು. ಅವನು ಮಾರ್ಕಮ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ. ಸ್ಟೌಫ್‌ವಿಲ್ಲಿನಲ್ಲಿ ಹೊಸ ಮನೆ. ಊರಿನಲ್ಲಿದ್ದಾಗ ಪಕ್ಕದ ಮನೆಯ ಜಗಳ ಕೇಳಲು ಗೋಡೆಗೆ ಕಿವಿಯಿಟ್ಟು ಇಟ್ಟು ಅವನ ಬಲಗಿವಿ ದೋಸೆಯಂತೆ ಚಪ್ಪಟೆಯಾಗಿತ್ತು. ಬೇಕಾದರೆ ಹೆಂಡತಿ ರತ್ನಾಳನ್ನು ಕೇಳಿ. ಸ್ಟೌಫ್‌ವಿಲ್ಲಿನಲ್ಲಿ ಮನೆಮನೆಗಳ ನಡುವೆ ಹುಲ್ಲು, ಕಿಟಕಿಗೆ ಎರಡೆರಡು ಗಾಜು. ಯಾರ ಮನೆಯ ಜಗಳವೂ ಯಾರಿಗೂ ಕೇಳಿಸುವುದಿಲ್ಲ. ಹೀಗಾದರೆ ಮನುಷ್ಯ ಬದುಕುವುದು ಹೇಗೆ? ಅದಕ್ಕೇ ಅವನು ಕೋರ್ಟಿನ ದುಭಾಷಿಗಳ ಪಟ್ಟಿಗೆ ಹೆಸರು ಕೊಟ್ಟ. ರಜೆ ಹಾಕಿ, ಸೂಟು ತೊಟ್ಟು, ಪರರ ಸಂಸಾರವನ್ನು ಕಾನೂನುಬದ್ಧವಾಗಿ ಕೇಳಿಸಿಕೊಂಡು ಬರುತ್ತಿದ್ದ. ಇಡೀ ಒಂಟಾರಿಯೋ ಪ್ರಾಂತ್ಯದ ನ್ಯಾಯಾಲಯಗಳಲ್ಲಿ ಕನ್ನಡವೆಂದರೆ ಅವನೊಬ್ಬನೇ. ಅವನಿಗೆ ನೆಗಡಿಯಾದರೆ ಕನ್ನಡಿಗರ ನ್ಯಾಯ ಒಂದು ವಾರ ಮುಂದಕ್ಕೆ ಹೋಗುತ್ತಿತ್ತು.

ದ್ಯಾಮವ್ವನ ಮಗ ಅಮರೇಶನ ಕೇಸಿಗೂ ಐದು ವರ್ಷದ ಹಿಂದೆ, ತೊಂಬತ್ತೊಂಬತ್ತರಲ್ಲಿ, ಅವನನ್ನೇ ಕರೆದಿದ್ದರು.

ಅಮರೇಶ ನವಲಗುಂದದ ಕಡೆಯವನು. ಬೋಲ್ಟನ್‌ನ ಒಂದು ಗೋದಾಮಿನಲ್ಲಿ ಸಾಮಾನು ಎತ್ತಿಡುವ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ತೊಂಬತ್ನಾಲ್ಕರಲ್ಲಿ ವಿಧವೆ ತಾಯಿಯನ್ನು ಕರೆಸಿಕೊಂಡ. ಆಮೇಲೆ ಕುಡಿತ ಹತ್ತಿತು, ಕುಡಿದರೆ ಕೈ ಮುಂದಾಗತೊಡಗಿತು. ಎರಡು ಸಲ ಸಣ್ಣಪುಟ್ಟ ಜೈಲಾಯಿತು. ಮೂರನೆಯ ಸಲ ಒಂದು ಬಾರಿನ ಹಿಂದಿನ ಪಾರ್ಕಿಂಗ್ ಲಾಟಿನಲ್ಲಿ, ಸಾಮಾನು ಪೇರಿಸುವ ಮುರಿದ ಮರದ ಪ್ಯಾಲೆಟ್ಟಿನ ಹಲಗೆಯಿಂದ ಒಬ್ಬನ ಮುಖಕ್ಕೆ ಹೊಡೆದ. ಆ ಮನುಷ್ಯನ ಒಂದು ಕಣ್ಣು ಹೋಯಿತು. ಇದನ್ನು ಯಾರೂ ಅಲ್ಲಗಳೆದಿರಲಿಲ್ಲ. ಅಮರೇಶನೂ ಇಲ್ಲ, ತಾಯಿಯೂ ಇಲ್ಲ.

ಆದರೆ ಸರ್ಕಾರಿ ವಕೀಲರು ಕೇಳಿದ್ದು ಇಂತಿಷ್ಟು ವರ್ಷ ಎಂದಲ್ಲ. ಆ ದೇಶದ ಕಾನೂನಿನಲ್ಲಿ ವರ್ಷಗಳನ್ನೇ ಬರೆಯದ ಒಂದು ಶಿಕ್ಷೆಯಿತ್ತು. ಈತ ಅಪಾಯಕಾರಿ ಅಪರಾಧಿ, ತಿದ್ದುವಂಥವನಲ್ಲ ಎಂದು ನ್ಯಾಯಾಧೀಶರು ಒಮ್ಮೆ ಸಾರಿದರೆ ಮುಗಿಯಿತು, ಬಿಡುಗಡೆಯ ದಿನವೇ ಇಲ್ಲ. ಏಳು ವರ್ಷವಾದ ಮೇಲೆ ಪೆರೋಲ್ ಮಂಡಳಿ ಒಮ್ಮೆ ನೋಡುತ್ತದೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಪ್ರತಿ ಸಲವೂ ಇಲ್ಲವೆಂದರೆ ಸಾಯುವವರೆಗೂ ಒಳಗೇ. ಉಳಿದ ಕೈದಿಗಳು ಗೋಡೆಯ ಮೇಲೆ ಗೀಟು ಎಳೆದು ಇನ್ನೆಷ್ಟು ಉಳಿಯಿತೆಂದು ನೋಡಿಕೊಳ್ಳಬಹುದು. ಅಮರೇಶನಿಗೆ ಗೀಟೆಳೆಯಲು ಗೋಡೆಯಿತ್ತು, ಕಳೆಯಲು ಸಂಖ್ಯೆ ಇರಲಿಲ್ಲ.

ಇಂಥ ಶಿಕ್ಷೆಗೆ ಮುಂಚೆ ಮನೋವೈದ್ಯರ ವರದಿ ಬೇಕು. ಮನೋವೈದ್ಯರಿಗೆ ಬಾಲ್ಯ ಬೇಕು. ಬಾಲ್ಯ ಇದ್ದದ್ದು ದ್ಯಾಮವ್ವನ ಹತ್ತಿರ. ಹಾಗಾಗಿ ಅವಳನ್ನು ಒಂದು ಕೋಣೆಯಲ್ಲಿ ಕೂರಿಸಿ ಕೇಳಿದ್ದರು, ವೇಣುಗೋಪಾಲ ಒಂದು ಅಕ್ಷರ ಜಾರಿಸದೆ ಇಂಗ್ಲಿಷಿಗೆ ತಂದಿದ್ದ. ಅಂದು ಸಂಜೆ ಸ್ಟೌಫ್‌ವಿಲ್ಲಿನ ರೈಲಿನಲ್ಲಿ ಮನೆಗೆ ಬಂದವನೇ, "ಎಂಥ ರಾಕ್ಷಸನನ್ನು ಹೆತ್ತಿದ್ದಾಳೆ ಗೊತ್ತೇನೇ," ಎಂದು ರತ್ನಾಳಿಗೆ ಊಟದ ಹೊತ್ತಿನಲ್ಲಿ ವರ್ಣಿಸಿದ್ದ. ಅಮರೇಶನನ್ನು ಅವನು ಕಣ್ಣಾರೆ ಕಂಡವನಲ್ಲ. ಅವನ ಮನಸ್ಸಿನಲ್ಲಿ ಆ ಮನುಷ್ಯ ಏಳಡಿ ಎತ್ತರವಿದ್ದ, ಬಾಗಿಲಿನಲ್ಲಿ ಅಡ್ಡಡ್ಡ ತಿರುಗಿಯೇ ಒಳಗೆ ಬರಬೇಕಾದಷ್ಟು ಅಗಲವಿದ್ದ.

ಈಗ, ಎರಡು ಸಾವಿರದ ನಾಲ್ಕರ ಚಳಿಗಾಲದಲ್ಲಿ, ಆ ಶಿಕ್ಷೆಯ ಮೇಲ್ಮನವಿ ಹಿಡಿದಿದ್ದ ಡೋರಿಸ್ ಅವನ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾಯುತ್ತಿದ್ದಳು.

"ಅದು... ದೃಷ್ಟಿ," ಎಂದ ವೇಣುಗೋಪಾಲ. "ಕಣ್ಣು ಬೀಳುತ್ತದೆ ಎಂಬ ನಂಬಿಕೆ. ಚೆನ್ನಾಗಿರುವುದನ್ನು ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದರೆ ಅದಕ್ಕೆ ಕೇಡಾಗುತ್ತದೆ. ಅದಕ್ಕೇ ಬೈಯುವುದು. ಎಷ್ಟು ಮುದ್ದೋ ಅಷ್ಟು ಬೈಗುಳ. ಅದರಲ್ಲೂ ಹೆತ್ತ ತಾಯಿಯ ಕಣ್ಣು..."

ಮಾತನ್ನು ಅಲ್ಲಿಗೇ ಬಿಟ್ಟು ಅವನು ದ್ಯಾಮವ್ವನತ್ತ ತಿರುಗಿದ.

ಡೋರಿಸ್ ಮೆಕ್ಲೀನ್ ದಡ್ಡಿಯಲ್ಲ. ಅವಳು ಚಹಾದ ಕಪ್ಪು ಕೆಳಗಿಟ್ಟಳು, ಚೀಲದಿಂದ ಆ ಹಳೆಯ ವರದಿಯನ್ನು ತೆಗೆದಳು, ಹಾಳೆ ಮಗುಚಿದಳು, ಓದಿದಳು. "'ಹುಟ್ಟಿದಂದಿನಿಂದಲೂ ರಾಕ್ಷಸ ಎಂದು ತಾಯಿ ಹೇಳುತ್ತಾರೆ. ದಯೆ ಎಂಬುದು ಅವನಲ್ಲಿ ಇರಲೇ ಇಲ್ಲ ಎನ್ನುತ್ತಾರೆ. ಊರಿನವರು ಅವನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ತಂದೆಯನ್ನೂ ಬಿಡಲಿಲ್ಲ.' ವೇಣು, ಆ ದಿನ ಇದನ್ನು ಹೇಳುವಾಗ ಇವರ ಮುಖ ಹೇಗಿತ್ತು?"

ಎಷ್ಟೋ ಸಲ ಎಷ್ಟೋ ಜನರ ಮುಖವನ್ನು ಕುತೂಹಲದಿಂದ ನೆಕ್ಕಿ ನೋಡಿದಂತೆ ನೋಡಿದ್ದ ವೇಣುಗೋಪಾಲನಿಗೆ ಆ ದಿನದ ಮಾತುಗಳೆಲ್ಲ ನೆನಪಿದ್ದವು. ಮುಖ ನೆನಪಿರಲಿಲ್ಲ. ಮಾತು ಅಷ್ಟು ರುಚಿಯಾಗಿತ್ತು.

ದ್ಯಾಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. "ಏನ್ ಓದಾಕತ್ತಾಳ್ರೀ ರಾಯರ ಆ ವಕೀಲಬಾಯಿ?"

ವೇಣುಗೋಪಾಲ ಕನ್ನಡದಲ್ಲಿ ಹೇಳಿದ. ಅವಳ ಸುಕ್ಕು ಮುಖ ಅರಳಿತು.

"ಹೌದ್ರೀ, ನಾನ ಹೇಳಿದ್ದು. ನೆಪ್ಪಿಟ್ಟಾರಲ್ಲ! ಆ ಡಾಕ್ಟರ್ ಸಾಹೇಬ ಏನೇನೋ ಮಾಡಿ ಕೇಳಿದ್ರೀ, ನಿಮ್ಮ ಮಗಂದು ಛಲೋ ಗುಣ ಏನೂ ಇಲ್ಲೇನು ಅಂತ. ಒಂದರ ಬಿಟ್ಟುಕೊಟ್ಟೆ ಅಂತೀರೇನು? ಇಲ್ಲ. ಅಷ್ಟ್ ಮಂದಿ ಮುಂದ, ಗೊತ್ತಿಲ್ಲದ ಮಂದಿ ಮುಂದ, ಒಂದ ಒಂದು ಛಲೋ ಮಾತು ಬಾಯಾಗಿಂದ ಜಾರಾಕ ಬಿಡಲಿಲ್ಲ ನಾ."

"ಅಮ್ಮಾ," ಎಂದ ವೇಣುಗೋಪಾಲ. "ಅದೇ ತೊಂದ್ರೆ ಆಗಿರೋದು."

ಅವನು ಬಿಡಿಸಿ ಹೇಳಿದ. ಇಷ್ಟು ವರ್ಷ ಅವಳಿಗೆ ಗೊತ್ತಿದ್ದದ್ದು ಮಗನಿಗೆ ಕೊನೆಯಿಲ್ಲದ ಶಿಕ್ಷೆಯಾಗಿದೆ ಎಂಬುದೊಂದೇ. ಏಕೆ ಎಂದು ಯಾರೂ ಕನ್ನಡದಲ್ಲಿ ಹೇಳಿರಲಿಲ್ಲ. ಕುಡಿತದಿಂದ ಕೆಟ್ಟವನಾದರೆ ಕುಡಿತ ಬಿಡಿಸಿ ತಿದ್ದಬಹುದು, ಅಂಥವನಿಗೆ ಇಷ್ಟು ವರ್ಷ ಎಂದು ಹೇಳಿ, ಹೊರಬಂದ ಮೇಲೆ ಕಣ್ಗಾವಲಿನಲ್ಲಿ ಇಡಬಹುದು. ಹುಟ್ಟಿನಿಂದಲೇ ದಯೆಯಿಲ್ಲದವನನ್ನು ತಿದ್ದುವುದು ಹೇಗೆ? ಹಾಗೆಂದು ಆ ನ್ಯಾಯಾಧೀಶರು ಬರೆದಿದ್ದರು. ಹುಟ್ಟಿನಿಂದಲೇ ಎಂಬುದಕ್ಕೆ ಸಾಕ್ಷಿ ಅವಳೇ.

ತವೆಯ ಮೇಲಿನ ರೊಟ್ಟಿ ಕರಕಲಾಗಿ ಹೊಗೆಯೇಳತೊಡಗಿತು. ಯಾರೂ ತಿರುವಿಹಾಕಲಿಲ್ಲ. ಡೋರಿಸ್ ಎದ್ದು ಒಲೆಯ ಗುಂಡಿ ತಿರುಗಿಸಿ ಆರಿಸಿದಳು.

"ಅಂದ್ರ ನನ್ನ ಬಾಯಿಲೇನ ಆತೇನ್ರೀ?" ಎಂದಳು ದ್ಯಾಮವ್ವ.

"ಬರೀ ನಿಮ್ಮಿಂದ ಅಲ್ಲ. ಅವನು ಮಾಡಿದ್ದೂ ಇದೆಯಲ್ಲ," ಎಂದು ವೇಣುಗೋಪಾಲ ಡೋರಿಸ್‌ಳ ಮಾತನ್ನು ಕನ್ನಡಕ್ಕೆ ತಂದ. "ಆದರೆ ಈಗ ನೀವು ಪ್ರಮಾಣ ಮಾಡಿ ನಿಜ ಹೇಳಬೇಕು. ಮೇಲಿನ ಕೋರ್ಟಿಗೆ ಕೊಡ್ತಾರೆ. ಸಣ್ಣವನಿದ್ದಾಗ ಹೇಗಿದ್ದ, ಒಳ್ಳೇದೇನಿತ್ತು, ಬಾಯಿ ತುಂಬ ಹೇಳಿಬಿಡಿ."

"ಆಗಂಗಿಲ್ಲ."

"ಅಮ್ಮಾ!"

"ಆಗಂಗಿಲ್ಲ ಅಂದ್ನೆಲ್ಲ. ಬೇಕಾದ್ರ ನನ್ನ ಒಳಗ ಹಾಕ್ರಿ, ಅಂವನ್ನ ಬಿಡ್ರಿ. ಹೊಗಳೂದು ಮಾತ್ರ ನನ್ನಿಂದ ಆಗೂದಿಲ್ಲ."

ಡೋರಿಸ್ ತನ್ನ ಕಾಗದಗಳನ್ನು ಮಂಡಿಯ ಮೇಲಿಟ್ಟುಕೊಂಡು ಮೇಲ್ಮನವಿಯನ್ನು ವಿವರಿಸಿದಳು. ಕೊನೆಯಿಲ್ಲದ ಶಿಕ್ಷೆ ಎಂಬ ಕಾನೂನೇ ಅನ್ಯಾಯ ಎಂಬುದು ಅವಳ ಮೊದಲನೆಯ ವಾದ. ಆ ವಾದ ಬೇರೆ ಕೇಸಿನಲ್ಲಿ ಎಂದೋ ಸೋತಿತ್ತು; ಆದರೂ ಬರೆದಿದ್ದಳು, ಪ್ರತಿ ಕೇಸಿನಲ್ಲೂ ಬರೆಯುತ್ತಿದ್ದಳು, ಸತ್ತ ಮೇಲೆ ತನ್ನ ಸಮಾಧಿಯ ಕಲ್ಲಿನ ಮೇಲೂ ಬರೆಸುವವಳಿದ್ದಳು. ಎರಡನೆಯದು ಗಟ್ಟಿ: ಕೊನೆಯಿರುವ ಶಿಕ್ಷೆಯೇ ಸಾಲದೇ ಎಂದು ನ್ಯಾಯಾಧೀಶರು ಮೊದಲು ಕೇಳಿಕೊಳ್ಳಬೇಕು ಎಂದು ದೇಶದ ಅತ್ಯುನ್ನತ ಕೋರ್ಟು ಈಚೆಗೆ ಹೇಳಿತ್ತು. ಅಮರೇಶನ ನ್ಯಾಯಾಧೀಶರು ಕೇಳಿಕೊಂಡಿರಲಿಲ್ಲ. "ಆದರೆ ಹುಟ್ಟಿನಿಂದ ರಾಕ್ಷಸ ಎಂಬುದು ಹಾಗೇ ನಿಂತರೆ, ಕೇಳಿಕೊಂಡಿದ್ದರೂ ಇದೇ ಉತ್ತರ ಬರುತ್ತಿತ್ತು ಎಂದು ಸರ್ಕಾರಿ ವಕೀಲರು ವಾದಿಸುತ್ತಾರೆ," ಎನ್ನುತ್ತ ಅವಳು ಎದ್ದಳು. ಹೊರಗೆ ಹಿಮ ತೆಗೆಯುವ ಲಾರಿ ಬಂದಿತ್ತು, ಕಾರು ಸರಿಸಬೇಕಿತ್ತು. "ನೀನು ಮಾತಾಡಬೇಡ. ನೀನು ದುಭಾಷಿ."

ಮಾತಾಡಬೇಡ ಎಂದು ವೇಣುಗೋಪಾಲನಿಗೆ ಹೇಳುವುದು! ಅವಳ ಬೂಟು ಇನ್ನೂ ಮೆಟ್ಟಿಲ ಮೇಲಿತ್ತು, ಅವನು ಕುರ್ಚಿ ಎಳೆದುಕೊಂಡ.

"ಅಮ್ಮಾ, ಕೋರ್ಟಿನ ವಿಷಯ ಅಲ್ಲ. ನಂಗೇ ತಿಳ್ಕೋಬೇಕು ಅಂತ ಕೇಳ್ತಿದೀನಿ. ಯಾವಾಗಾದ್ರೂ ಅವನನ್ನ ಹೊಗಳಿದ್ರಾ ನೀವು?"

ದ್ಯಾಮವ್ವ ಕರಕಲು ರೊಟ್ಟಿಯನ್ನು ಮುರಿಯುತ್ತ ಕುಳಿತಳು. "ಒಮ್ಮಿ," ಎಂದಳು. "ನನ್ನ ಇಲ್ಲಿಗೆ ಕರಿಸಿಕೊಂಡ ವರ್ಷ. ವಿಮಾನದಾಗ ಬಂದೆ, ನೆಲದಾಗ ಬಿಸಿ ಬರೂ ಮನಿ ನೋಡಿದೆ, ಆ ಗಾಡ್ಯಾಗ ಕುಂತು ಆನಿ ಎತ್ತಿದಂಗ ಸಾಮಾನು ಎತ್ತೂದು ನೋಡಿದೆ. ತಡಕೊಳ್ಳಾಕ ಆಗಲಿಲ್ರೀ ರಾಯರ. ನವಲಗುಂದಕ್ಕ ಫೋನ್ ಹಚ್ಚಿದೆ, ಹುಬ್ಬಳ್ಳಿಗೆ ಹಚ್ಚಿದೆ, ನಿಂಗವ್ವಗ ಹಚ್ಚಿದೆ, ಆಕಿ ಸೊಸಿಗೆ ಹಚ್ಚಿದೆ. ನನ್ನ ಮಗನಂಥಾ ಮಗ ಈ ಭೂಮಿ ಮ್ಯಾಲ ಇನ್ನೊಬ್ಬ ಹುಟ್ಟಿಲ್ಲ ಅಂದೆ. ಈ ಬಾಯಿಲೇನ ಅಂದೆ. ಅದ ವರ್ಷ ಬಾಟ್ಲಿ ಹಿಡದ."

ಮೇಲೆ ಜಯಶೀಲಾಳ ಕೂಸು ಅಳುವುದು ಕೇಳಿಸುತ್ತಿತ್ತು.

"ಅಂವಗ ಬಿದ್ದದ್ದು ನನ್ನ ದೃಷ್ಟಿ," ಎಂದಳು ದ್ಯಾಮವ್ವ. "ಮಂದಿ ಕಣ್ಣಿಗೆ ಮದ್ದೈತಿ. ಹಡದಾಕಿ ಕಣ್ಣಿಗೆ ಏನೈತಿ?"

"ಏನೂ ಇಲ್ವಾ? ನಮ್ಮಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕೋರಲ್ಲ?"

"ಹೌದು, ಆಡಿದ ಕೂಡ್ಲೇ ತಗದ್ರ ನಡೀತೈತಿ. ಮಾತು ನೆಲಕ್ಕ ಬೀಳಾಕ ಬಿಡಬಾರದು. ಆ ಕಚೇರ್ಯಾಗ ಬೆಂಕಿ ಮಾಡಾಕ ಬಿಡ್ತಾರೇನು?"

ವೇಣುಗೋಪಾಲ ಚಾವಣಿಯತ್ತ ನೋಡಿದ. ದ್ಯಾಮವ್ವ ಕಣ್ಣಿಗೆ ತಂಪೆಂದು ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಮನೆಯಲ್ಲೇ ಕಾಡಿಗೆ ಮಾಡಿಕೊಳ್ಳುತ್ತಿದ್ದಳು. ಮಾಡಿದಾಗಲೆಲ್ಲ ಸ್ಮೋಕ್ ಅಲಾರ್ಮು ಕಿರುಚಿ, ಜಯಶೀಲಾ ಟವೆಲು ಬೀಸುತ್ತ ಓಡಿಬಂದು, ಆ ಬೀದಿಯ ಅಳಿಲುಗಳೆಲ್ಲ ಒಂದು ಮೈಲಿ ಆಚೆಗೆ ವಲಸೆ ಹೋಗುತ್ತಿದ್ದವು. "ಬೆಂಕಿ ಅಂದ್ರೆ ಮೂರು ಫೈರ್ ಎಂಜಿನ್ ಬರ್ತವೆ," ಎಂದ.

"ಬೊಟ್ಟು?" ಎಂದಳು ದ್ಯಾಮವ್ವ. "ಬೊಟ್ಟ ಇಡಾಕ ಬಿಡ್ತಾರೇನು?"

"ಬೊಟ್ಟು ಯಾರಿಗೆ? ಅವನು ಅಲ್ಲಿರಲ್ವಲ್ಲ."

ಅವಳು ಎದ್ದು ದೇವರ ಫೋಟೋಗಳ ಹಿಂದಿನಿಂದ ಇನ್ನೊಂದು ಫೋಟೋ ತಂದಳು. ಹುಬ್ಬಳ್ಳಿಯ ಸ್ಟುಡಿಯೋದ್ದು. ಮರದ ಕುದುರೆಯ ಮೇಲೆ ಬರಿಮೈಯ ಒಂದು ಕೂಸು. ಎಡಗೆನ್ನೆಯ ಮೇಲೆ ರೂಪಾಯಿ ಅಗಲದ ಕಪ್ಪು ಬೊಟ್ಟು. ಏಳಡಿಯ ರಾಕ್ಷಸ ಬಾಯಿಗೆ ಬೆರಳಿಟ್ಟುಕೊಂಡು ವೇಣುಗೋಪಾಲನನ್ನೇ ನೋಡುತ್ತಿದ್ದ.

ಬೊಟ್ಟಿನ ಭರವಸೆಯ ಮೇಲೆ ದ್ಯಾಮವ್ವ ಒಪ್ಪಿದಳು; ಅವಳ ಪಾಟೀಸವಾಲು ನಡೆದದ್ದು ಕೋರ್ಟಿನಲ್ಲಲ್ಲ. ಟೊರಾಂಟೋ ಡೌನ್‌ಟೌನಿನ ಒಂದು ಎತ್ತರದ ಕಟ್ಟಡದಲ್ಲಿ, ಮೋಡಗಳು ಕಿಟಕಿಯ ಕೆಳಗೆ ತೆವಳುವಷ್ಟು ಮೇಲಿನ ಮಹಡಿಯಲ್ಲಿ, ಒಂದು ಉದ್ದ ಮೇಜಿನ ಸುತ್ತ. ಒಂದು ತುದಿಯಲ್ಲಿ ಪ್ರತಿ ಮಾತನ್ನೂ ಯಂತ್ರದಲ್ಲಿ ಒತ್ತುವ ರಿಪೋರ್ಟರ್ ಹೆಂಗಸು. ಎದುರಿಗೆ ಸರ್ಕಾರಿ ವಕೀಲ, ಇಸ್ತ್ರಿ ಮಾಡಿದ ಮುಖದ ಯುವಕ. ದ್ಯಾಮವ್ವ ಇಳಕಲ್ಲ ಸೀರೆಯ ಮೇಲೆ ಅಮರೇಶನ ಹಳೆಯ ಚಳಿಕೋಟು ತೊಟ್ಟಿದ್ದಳು. ಫೋಟೋ ತೊಡೆಯ ಮೇಲಿತ್ತು. ಅಂದು ಬೆಳಿಗ್ಗೆ ಕಣ್ಣಿಗೆ ಹಚ್ಚಿಕೊಂಡಿದ್ದ ಕಾಡಿಗೆ ಹತ್ತು ಮದುವಣಗಿತ್ತಿಯರಿಗೆ ಆಗಿ ಮಿಗುತ್ತಿತ್ತು.

"ನಿಮ್ಮ ಮಗ ಯಾರನ್ನೂ ಹೊಡೆದಿಲ್ಲ ಎನ್ನುತ್ತೀರಾ?" ಎಂದು ವಕೀಲ ಶುರುಮಾಡಿದ.

"ಹೊಡದಾನ್ರೀ. ಆ ಮನಷ್ಯಾಂದು ಕಣ್ಣು ಹೋಗೇತಿ. ದಿನಾ ದೀಪಾ ಹಚ್ಚೂ ಮುಂದ ನೆಪ್ಪಾಗತೈತಿ. ಅದು ಸುಳ್ಳು ಅಂತ ನಾ ಅಂದಿಲ್ಲ, ಅನ್ನೂದೂ ಇಲ್ಲ."

"ಊರಿನವರು ಅವನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು ಎಂದು ವೈದ್ಯರಿಗೆ ಹೇಳಿದ್ದಿರಿ."

ದ್ಯಾಮವ್ವ ತಲೆಯೆತ್ತಿದಳು. ವೇಣುಗೋಪಾಲನನ್ನು ನೋಡಿದಳು. ಆ ನೋಟಕ್ಕೆ ಇಂಗ್ಲಿಷ್ ಇರಲಿಲ್ಲ.

"ಹಾಕ್ಕೊಂತಿದ್ದಿಲ್ರೀ," ಎಂದಳು ಮೆಲ್ಲಗೆ. "ತಗದ ಇಡತಿದ್ರು. ಓಣ್ಯಾಗಿನ ಮುದುಕೇರೆಲ್ಲಾ ಅಂವಗಂತ ಒಂದ್ ರೊಟ್ಟಿ ತಗದಿಡತಿದ್ರು. ಬಂದು, ಉಂಡು, ಅವರಿಗೆ ನೀರು ಸೇದಿ ಕೊಟ್ಟು ಹೋಗಾಂವ."

ಹೇಳಿದವಳೇ ಉಂಗುರ ಬೆರಳನ್ನು ತನ್ನ ಬಲಗಣ್ಣಿನ ಅಂಚಿಗೆ ಒತ್ತಿ, ಬಂದ ಕಾಡಿಗೆಯನ್ನು ಫೋಟೋದ ಮೇಲಿನ ಕೂಸಿನ ಗಲ್ಲಕ್ಕೆ ಇಟ್ಟಳು.

"ದಯೆ ಇರಲಿಲ್ಲ ಎಂದಿದ್ದಿರಿ."

"ಬೀಗರು ಬಂದಾಗ ಕೊಯ್ಯಾಕಂತ ಒಂದ್ ಕೋಳಿ ತಂದಿದ್ರು ಇವರಪ್ಪ. ಇಂವ ಅದನ್ನ ಹಾಸಿಗ್ಯಾಗ ಮುಚ್ಚಿಟ್ಟುಕೊಂಡು ಮಲಗಿದ್ದ. ಬೀಗರು ಬರೇ ಬ್ಯಾಳಿ ಉಂಡು ಹೋದ್ರು. ಕೋಳಿ ಹಾಸಿಗ್ಯಾಗ ತತ್ತಿ ಇಟ್ಟಿತ್ತು."

ಮತ್ತೊಂದು ಬೊಟ್ಟು, ಹಣೆಗೆ. ರಿಪೋರ್ಟರ್ ಹೆಂಗಸಿನ ತುಟಿಯ ಒಂದು ಬದಿ ಅಲುಗಿತು.

"ತಂದೆಯನ್ನೂ ಬಿಡಲಿಲ್ಲ ಎಂದಿದ್ದಿರಿ."

ದ್ಯಾಮವ್ವ ಫೋಟೋವನ್ನು ತನ್ನತ್ತ ವಾಲಿಸಿಕೊಂಡಳು. "ಬಿಡಲಿಲ್ಲ. ಅವರಿಗೆ ಕಾಲು ಬಿದ್ದು ಹೋಗಿದ್ದೂವು. ಹೊಲಾ ನೋಡಬೇಕು ಅಂತಿದ್ರು. ದಿನಾ ಬೆಳಿಗ್ಗೆ ಬೆನ್ನಮ್ಯಾಲ ಹೊತ್ತಗೊಂಡು ಹೋಗಿ ಬದುವಿನ ಮ್ಯಾಲ ಕುಂದರ್ಸಾಂವ, ಸಂಜಿಗೆ ಹೊತ್ತಗೊಂಡು ಬರಾಂವ. ಜೀವ ಹೋದದ್ದೂ ಅವನ ಬೆನ್ನಮ್ಯಾಲನ. ಮನಿ ಮುಟ್ಟೂತನಾ ಇಳಿಸಲಿಲ್ಲ."

ಬೊಟ್ಟು. ಇನ್ನೊಂದು. ಒಂದು ಮಾತಿಗೆ ಒಂದು ಸಾಲದೆ ಈಗ ಎರಡೆರಡು ಇಡುತ್ತಿದ್ದಳು. ವೇಣುಗೋಪಾಲ ಮಾತನ್ನು ಇಂಗ್ಲಿಷಿಗೆ ತರುತ್ತಿದ್ದ; ಆ ದಿನ ಅವನು ಮಾತಿಗಿಂತ ಹೆಚ್ಚಾಗಿ ನೋಡಿದ್ದು ಅವಳ ಮುಖವನ್ನು.

ಸರ್ಕಾರಿ ವಕೀಲ ಪೆನ್ನಿನಿಂದ ಅತ್ತ ತೋರಿಸಿದ. "ಸಾಕ್ಷಿ ಏನು ಮಾಡುತ್ತಿದ್ದಾರೆ?"

"ಅದು ಮಾತಲ್ಲ," ಎಂದ ವೇಣುಗೋಪಾಲ. ನಿಯಮದ ಪ್ರಕಾರ ಅಲ್ಲಿಗೆ ಸುಮ್ಮನಾಗಬೇಕಿತ್ತು. "ದುಭಾಷಿಗೆ ವಿವರಿಸಲು ಅನುಮತಿ ಬೇಕು. ಐದು ವರ್ಷದ ಹಿಂದೆಯೇ ಕೇಳಬೇಕಾಗಿತ್ತು."

ಡೋರಿಸ್ ಆಕ್ಷೇಪವಿಲ್ಲ ಎಂದಳು. ಯುವಕ ಭುಜ ಹಾರಿಸಿದ. ವೇಣುಗೋಪಾಲ ವಿವರಿಸಿದ: ಈ ಹೆಂಗಸಿನ ಲೋಕದಲ್ಲಿ ಪ್ರತಿ ಹೊಗಳಿಕೆಗೂ ಒಂದು ಕೇಡು ಬೆನ್ನು ಹತ್ತಿ ಬರುತ್ತದೆ, ಆಕೆ ಅದನ್ನು ಬಾಗಿಲಲ್ಲೇ ತಡೆಯುತ್ತಿದ್ದಾಳೆ. ಯುವಕ ಗಮನವಿಟ್ಟು ಕೇಳಿದ. ಅವನಿಗೂ ಕುತೂಹಲ ಹುಟ್ಟಿದಂತಿತ್ತು. ಆದರೆ ಸಂಬಳ ಕೊಡುವುದು ಕುತೂಹಲಕ್ಕಲ್ಲ.

"ಹಾಗಾದರೆ ನೀವು ಒಮ್ಮೆ ಬೈದಿದ್ದೀರಿ, ಒಮ್ಮೆ ಹೊಗಳಿದ್ದೀರಿ. ಎರಡೂ ನಿಮ್ಮದೇ ಬಾಯಿ. ಇವತ್ತಿನದೇ ನಿಜ ಎಂದು ನಾವು ಏಕೆ ನಂಬಬೇಕು?"

ಕೇಸಿನ ಪ್ರಾಣ ಇದ್ದದ್ದು ಈ ಪ್ರಶ್ನೆಯಲ್ಲಿ.

ದ್ಯಾಮವ್ವ ಫೋಟೋವನ್ನು ಮೇಜಿನ ಮೇಲಿಟ್ಟಳು. ಕೂಸಿನ ಮುಖ ಅರ್ಧಕ್ಕರ್ಧ ಕಪ್ಪಾಗಿತ್ತು. ಅವಳ ಬಲಗಣ್ಣಿನ ಕಾಡಿಗೆ ಪೂರ್ತಿ ಖಾಲಿಯಾಗಿ, ಎಡಗಣ್ಣು ಮಾತ್ರ ಕಪ್ಪಗೆ ಉಳಿದಿತ್ತು.

"ಬೈಯೂ ಮುಂದ ನನಗ ಹೆದರಿಕಿ ಇದ್ದಿಲ್ಲ, ತಮ್ಮಾ," ಎಂದಳು. "ನಕ್ಕೋತ ಬೈದೆ. ಇವತ್ತ ನೋಡ ನನ್ನ ಕೈ." ಕೈಯನ್ನು ಮೇಜಿನ ಮೇಲೆ ಚಾಚಿದಳು. ಅದು ನಡುಗುತ್ತಿತ್ತು. "ಸುಳ್ಳು ಹೇಳಾಕ ಯಾರರ ಇಷ್ಟ್ ಹೆದರತಾರೇನು?"

ಯಂತ್ರದ ಸದ್ದು ನಿಂತಿತು. ರಿಪೋರ್ಟರ್ ತಲೆಯೆತ್ತಿ, ಕೈಯ ವಿಷಯ ಬರೆಯಬೇಕೇ ಎಂದು ಕೇಳಿದಳು.

"ಬರೆಯಿರಿ," ಎಂದ ಸರ್ಕಾರಿ ವಕೀಲ. "ಇನ್ನು ಪ್ರಶ್ನೆಗಳಿಲ್ಲ."

ತೀರ್ಪು ಬಂದಾಗ ಎಲೆ ಕೆಂಪಾಗುವ ಕಾಲ. ಮೂವರು ನ್ಯಾಯಾಧೀಶರು ಡೋರಿಸ್‌ಳ ಮೊದಲನೆಯ ವಾದವನ್ನು ಎರಡೇ ಸಾಲಿನಲ್ಲಿ ತಳ್ಳಿಹಾಕಿದರು. ಕಾನೂನು ಇದ್ದ ಹಾಗೇ ಇತ್ತು. ಎರಡನೆಯದನ್ನು ಒಪ್ಪಿದರು. ಕೊನೆಯಿಲ್ಲದ ಶಿಕ್ಷೆಯನ್ನು ರದ್ದುಮಾಡಿ, ಬೇರೆ ನ್ಯಾಯಾಧೀಶರು ಹೊಸದಾಗಿ ವಿಚಾರಿಸಲಿ, ತಾಯಿಯ ಈಗಿನ ಮಾತನ್ನೂ ತೂಗಿ ನೋಡಲಿ ಎಂದರು. "ಗೆದ್ದಿದ್ದೇವೆ ಎನ್ನಬೇಡ," ಎಂದು ಡೋರಿಸ್ ಫೋನಿನಲ್ಲಿ ಹೇಳಿದಳು. "ಮತ್ತೆ ಅದನ್ನೇ ಕೊಟ್ಟರೂ ಕೊಡಬಹುದು. ಆದರೆ ಈ ಸಲ ಒಂದು ಸಂಖ್ಯೆ ಸಾಲದೇ ಎಂದು ಕೇಳಿಕೊಳ್ಳಲೇಬೇಕು."

ಹೊಸ ವಿಚಾರಣೆಗೆಂದು ಅಮರೇಶನನ್ನು ಕಿಂಗ್‌ಸ್ಟನ್ ಕಡೆಯಿಂದ ಸ್ಕಾರ್‌ಬರೋದ ಜೈಲಿಗೆ ತಂದರು. ಅಷ್ಟು ದೂರ ಹೋಗಿ ನೋಡಿಬರಲು ದ್ಯಾಮವ್ವನಿಗೆ ಆಗಿರಲೇ ಇಲ್ಲ. ಈಗ ಒಂದು ಬಸ್ಸು ಸಾಕಿತ್ತು. ಅವಳ ಜತೆ ವೇಣುಗೋಪಾಲನೂ ಹೊರಟ. ದುಭಾಷಿಯ ಅಗತ್ಯ ಅಲ್ಲಿ ಯಾರಿಗೂ ಇರಲಿಲ್ಲ. "ಆ ಮನುಷ್ಯನನ್ನ ಒಂದ್ಸಲ ನೋಡದೇ ಇದ್ರೆ ನಂಗೆ ಊಟ ಸೇರಲ್ಲ ಕಣೇ," ಎಂದು ರತ್ನಾಳಿಗೆ ಹೇಳಿ ಬಂದಿದ್ದ.

ಚೀಲ, ಚಳಿಕೋಟು, ರತ್ನಾ ಕಟ್ಟಿಕೊಟ್ಟಿದ್ದ ಚಕ್ಕುಲಿ ಎಲ್ಲವನ್ನೂ ಬಾಗಿಲಲ್ಲೇ ಇಡಿಸಿಕೊಂಡರು. ಒಳಗೆ ದಪ್ಪ ಗಾಜಿನ ಈಚೆಗೊಂದು ಸ್ಟೂಲು, ಆಚೆಗೊಂದು ಸ್ಟೂಲು, ಎರಡೂ ಕಡೆ ಫೋನು. ಆಚೆಯ ಬಾಗಿಲು ತೆರೆಯಿತು. ವೇಣುಗೋಪಾಲ ಬಾಗಿಲಿನ ಮೇಲ್ಚೌಕಟ್ಟನ್ನೇ ನೋಡುತ್ತಿದ್ದ. ತಲೆ ತಾಗುವುದು ಅಲ್ಲಿ ಎಂದುಕೊಂಡಿದ್ದ. ಯಾರೂ ತಾಗಲಿಲ್ಲ. ನೋಟ ಕೆಳಗಿಳಿಸಿದರೆ ಒಬ್ಬ ಗಿಡ್ಡ ಮನುಷ್ಯ ನಿಂತಿದ್ದ, ನೆತ್ತಿ ಬೋಳಾಗುತ್ತಿತ್ತು, ಕನ್ನಡಕದ ಒಂದು ಕಡ್ಡಿಗೆ ಟೇಪು ಸುತ್ತಿತ್ತು. ಅವನು ಸ್ಟೂಲಿನ ಮೇಲೆ ಕುಳಿತು ಫೋನೆತ್ತಿಕೊಂಡು, "ಯವ್ವಾ," ಎಂದ.

ದ್ಯಾಮವ್ವ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಗಾಜಿನಲ್ಲಿ ತೂರಿ ಮುಟ್ಟಿದಂತೆ ನೋಡಿದಳು.

"ಏನ್ ಮಾರಿ ಮಾಡ್ಕೊಂಡೀಯೋ ಹಾಟ್ಯಾ," ಎಂದಳು. "ಹದ್ದು ಕುಕ್ಕಿದ ಕುಂಬಳಕಾಯಿ ಆಗೀದಿ. ಕೂದಲೆಲ್ಲಿ ಹೋದುವು? ಕಣ್ಣರ ನೋಡ, ಗೂಗಿ ಆಗೀದಿ ಗೂಗಿ. ಇಂಥಾ ಹಾಳ ಮಾರಿ ನನ್ನ ಹೊಟ್ಯಾಗ ಹೆಂಗ ಹುಟ್ಟಿತೋ."

ಗೋಡೆಯ ಬಳಿ ನಿಂತಿದ್ದ ಗಾರ್ಡು ದನಿ ಏರಿದ್ದು ಕೇಳಿ ಹತ್ತಿರ ಬಂದು, ಏನಾದರೂ ತೊಂದರೆಯೇ ಎಂಬಂತೆ ವೇಣುಗೋಪಾಲನತ್ತ ನೋಡಿದ. ಆಚೆ ಕಡೆ ಅಮರೇಶ ಫೋನನ್ನು ಎರಡೂ ಕೈಯಲ್ಲಿ ಕಿವಿಗೊತ್ತಿಕೊಂಡು, ಇನ್ನೂ ಬೈಯಲಿ ಎಂಬಂತೆ ತಲೆಯಾಡಿಸುತ್ತಿದ್ದ.

"ಏನಂತಿದ್ದಾರೆ?" ಎಂದ ಗಾರ್ಡು.

"ಚೆನ್ನಾಗಿದ್ದೀಯಾ ಎಂದು ಕೇಳುತ್ತಿದ್ದಾರೆ," ಎಂದ ವೇಣುಗೋಪಾಲ.

ಬೈಗುಳ ಮುಗಿದ ಮೇಲೆ ದ್ಯಾಮವ್ವ ಉಂಗುರ ಬೆರಳನ್ನು ಕಣ್ಣಿನ ಅಂಚಿಗೆ ಒತ್ತಿದಳು. ಬೆರಳ ತುದಿಯನ್ನು ಗಾಜಿನ ಮೇಲಿಟ್ಟು ಸ್ವಲ್ಪ ಹೊತ್ತು ತೆಗೆಯಲಿಲ್ಲ. ತೆಗೆದಾಗ ಅಲ್ಲೊಂದು ಕಪ್ಪು ಬೊಟ್ಟು ಉಳಿಯಿತು. ಅದು ಅವನ ಕಿವಿಗಿಂತ ಮೇಲೆ, ಗಾಳಿಯಲ್ಲಿತ್ತು. ಅವಳು ಅಂದಾಜು ಮಾಡಿದಷ್ಟು ಎತ್ತರ ಅವನಿರಲಿಲ್ಲ.

ಅಮರೇಶ ಆ ಬೊಟ್ಟನ್ನು ನೋಡಿದ. ಫೋನನ್ನು ಇಳಿಸಿದ. ಸ್ಟೂಲಿನಿಂದ ಅರ್ಧ ಎದ್ದು, ಮೊಣಕಾಲು ಮಡಚಿ ಹಿಡಿದು, ಮುಖವನ್ನು ಅತ್ತಿತ್ತ ಸರಿಸಿ ಸರಿಸಿ, ಎಡಗೆನ್ನೆಯನ್ನು ಆ ಬೊಟ್ಟಿನ ಹಿಂದಕ್ಕೆ ತಂದು, ಹಾಗೆಯೇ ನಿಂತ.